ಗೊಂಬೆ ಸಾಲಿನ ಚುರುಟು ದೊರೆ

ಆಗಿನ್ನೂ ಮದರಾಸಿನ ಕೀಲ್ಪಾಕಿನ ನಮ್ಮ ಮನೆಯ ಗೇಟಿಗೆ ಕಾವಲುಗಾರ ಇರಲಿಲ್ಲ. ನವರಾತ್ರಿಯ ಒಂಬತ್ತು ಸಂಜೆಯೂ ಯಾರು ಬೇಕಾದರೂ ಚಪ್ಪಲಿ ಬಿಟ್ಟು ಗೊಂಬೆ ನೋಡಲು ಒಳಗೆ ಬರುತ್ತಿದ್ದರು. ಕೇಬಲ್ ಟೀವಿ ಬಂದು ಎರಡು ಮೂರು ವರ್ಷವಾಗಿತ್ತು. ಹಜಾರದಲ್ಲಿ ಸುಂಡಲೆಂಬ ಕಾಳಿನ ಉಸಲಿಗೆ ಹಾಕಿದ ಇಂಗಿನ ಒಗ್ಗರಣೆ, ಮಲ್ಲಿಗೆ, ವರ್ಷವಿಡೀ ಟ್ರಂಕಿನಲ್ಲಿದ್ದ ಗೊಂಬೆಗಳ ನುಸಿಗುಳಿಗೆ, ಎಲ್ಲದರ ವಾಸನೆಯೂ ಕಲಸಿಕೊಂಡಿರುತ್ತಿತ್ತು. ಈಗಲೂ ನುಸಿಗುಳಿಗೆ ಮೂಗಿಗೆ ಬಡಿದರೆ ಆ ಹಬ್ಬದ ನೆನಪು ಬರುತ್ತದೆ.

ನಾವು ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವರು. ನಮ್ಮ ಒಂಬತ್ತು ಮೆಟ್ಟಿಲಲ್ಲಿ ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು. ಎಲ್ಲಕ್ಕಿಂತ ಕೆಳಗೆ ಡೊಳ್ಳು ಹೊಟ್ಟೆಯ ಅಂಗಡಿಕಾರ ಚೆಟ್ಟಿಯಾರ್ ದಂಪತಿ, ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ದಶಾವತಾರಕ್ಕಿಂತಲೂ ಮೇಲೆ, ಪಿಂಗಾಣಿಯ ಒಬ್ಬ ಬಿಳಿಯ. ತಲೆಗೆ ಟೋಪಿ, ಬಾಯಲ್ಲಿ ಚುರುಟು, ಹಣೆಗೆ ನಾವಿಟ್ಟ ಕುಂಕುಮ. ಅವನು ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನ ಪ್ರಧಾನಿ. ನಮಗೆ ‘ದೊರೆ’.

ಯುದ್ಧದ ವರ್ಷಗಳಲ್ಲಿ ನಮ್ಮ ಮುತ್ತಜ್ಜ ಸರ್ಕಾರದ ಧಾನ್ಯ ಹಂಚುವ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಅವರ ಮೇಲಿನ ಸಾಹೇಬನ ಹೆಂಡತಿ ಒಂದು ನವರಾತ್ರಿಗೆ ಬಂದವಳು ಈ ಗೊಂಬೆ ಕೊಟ್ಟಳಂತೆ. ದೊಡ್ಡಪ್ಪನಿಗೆ ಅದೇ ವಂಶದ ಕಿರೀಟ. ಬಂದವರಿಗೆಲ್ಲ ಆ ಕಥೆ ಹೇಳಲೇಬೇಕು. ನನಗೆ ಹನ್ನೆರಡು ತುಂಬಿದ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ರೇಷ್ಮೆ ಲಂಗ ಉಟ್ಟು, ಕೈ ಕಟ್ಟಿಕೊಂಡು, ‘ನಮ್ಮ ಮುತ್ತಜ್ಜನ ಕೆಲಸ ಮೆಚ್ಚಿ’ ಎಂದು ಶುರು ಮಾಡುತ್ತಿದ್ದೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಹಬ್ಬ ಮುಗಿಯುವ ದಿನ ಒಂದು ಗೊಂಬೆಯನ್ನು ಶಾಸ್ತ್ರಕ್ಕೆ ಮಲಗಿಸುವ ಪದ್ಧತಿ. ಅದನ್ನು ಪ್ರತಿ ವರ್ಷ ಅಜ್ಜಿಯೇ ಮಾಡುತ್ತಿದ್ದಳು. ದೊರೆಯನ್ನೇ ಎತ್ತಿಕೊಳ್ಳುವಳು, ಮುಖ ಕೆಳಗೆ ಮಾಡಿ ಮಲಗಿಸುವಳು. ಅಜ್ಜಿಗೆ ಕಣ್ಣು ಮಂಜು ಎಂದು ನಾವು ನಗುತ್ತಿದ್ದೆವು.

ಆ ವರ್ಷ ಹಬ್ಬದ ನಡುವಿನ ಭಾನುವಾರ ಮಧ್ಯಾಹ್ನ ದೊರೆಯ ಬಗ್ಗೆ ಇಂಗ್ಲಿಷ್ ಚಾನೆಲ್ಲಿನಲ್ಲಿ ಸಾಕ್ಷ್ಯಚಿತ್ರ ಇತ್ತು. ದೊಡ್ಡಪ್ಪ ಬೀದಿಗೆಲ್ಲ ಡಂಗುರ ಹೊಡೆದು ನೆಂಟರನ್ನೂ ಅಕ್ಕಪಕ್ಕದವರನ್ನೂ ಕೂರಿಸಿದರು.

“ಇದು ನಮ್ಮನೆ ಹೆರಿಟೇಜು. ಮಕ್ಳು ನೋಡ್ಬೇಕು,” ಎಂದರು.

ಅರ್ಧ ಗಂಟೆ ಬಾಂಬು, ಭಾಷಣ. ದೊಡ್ಡಪ್ಪ ತಾವೇ ಗೆದ್ದವರಂತೆ ತೊಡೆ ತಟ್ಟಿಕೊಂಡರು. ಆಮೇಲೆ ಚಿತ್ರ ಬಂಗಾಳದ ಕ್ಷಾಮಕ್ಕೆ ತಿರುಗಿತು. ಪಕ್ಕೆಲುಬು ಎಣಿಸುವಂಥ ಮಕ್ಕಳು, ಬೀದಿ ಬದಿಯ ಹೆಣಗಳು. ಅಕ್ಕಿ ಕೇಳುವ ಧೈರ್ಯವಿಲ್ಲದೆ ಜನ ಮನೆ ಮನೆಗೆ ಹೋಗಿ ಅನ್ನ ಬಸಿದ ಗಂಜಿ ಮಾತ್ರ ಬೇಡಿದರೆಂದು ಒಬ್ಬ ಮುದುಕ ಪ್ರಾಧ್ಯಾಪಕ ಹೇಳಿದ. ಸಹಾಯ ಕೇಳಿದರೆ ಲಂಡನ್ನಿನಲ್ಲಿ ಕೂತವರು ತಡ ಮಾಡಿದರು, ಇಲ್ಲಿ ಉಗ್ರಾಣದ ಕೀಲಿ ಇಟ್ಟುಕೊಂಡವರು ಸುಮ್ಮನಿದ್ದರು ಎಂದ. ನನ್ನ ಕೈಯಲ್ಲಿ ಎಲೆದೊನ್ನೆ ತುಂಬ ಕಡಲೆ ಸುಂಡಲ್ ಇತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ದೊಡ್ಡಪ್ಪ, “ಅದು ಬಂಗಾಳದ ಕಥೆ, ನಮ್ ಮದರಾಸಲ್ಲಿ ಹಾಗೇನೂ ಇರ್ಲಿಲ್ಲ,” ಎನ್ನುತ್ತಾ ರಿಮೋಟ್ ಒತ್ತಿದರು. ಪರದೆ ಮೇಲೆ ಕ್ರಿಕೆಟ್ ಬಂತು.

“ಮತ್ತೆ ಹಾಕೋ ಅದನ್ನ,” ಎಂದಳು ಅಜ್ಜಿ.

“ನಿಂಗೆ ಇಂಗ್ಲಿಷ್ ಎಲ್ಲಮ್ಮ ಬರತ್ತೆ?”

“ಅದಕ್ಯಾಕೆ ಇಂಗ್ಲಿಷು? ನಾನೇ ಗಂಜಿ ಚೆಲ್ಲಿದೀನಿ.”

ದೊಡ್ಡಪ್ಪ ನೆಂಟರಿಗೆ ಕಾಫಿ ತರುವ ನೆಪದಲ್ಲಿ ಎದ್ದು ಒಳಗೆ ಹೋದರು. ಅಜ್ಜಿ ಕುಂಕುಮದ ತಟ್ಟೆ ಸರಿಮಾಡುತ್ತಾ ನನಗೊಬ್ಬಳಿಗೇ ಹೇಳಿದಳು.

“ನಾನು ಈ ಮನೆಗೆ ಬಂದ ಹೊಸ್ತು. ದಿನಾ ಒಬ್ಳು ಮಗು ಎತ್ಕೊಂಡು ಗೇಟ್ ಹತ್ರ ನಿಂತ್ಕೊಳೋಳು. ‘ಅಮ್ಮಾ, ಕೊಂಜಂ ಕಂಜಿ’ ಅಂತ. ಸ್ವಲ್ಪ ಗಂಜಿ ಕೊಡ್ತಿದ್ದೆ. ಸಾಹೇಬನ ಹೆಂಡ್ತಿ ಬರೋ ದಿನ ನಮ್ಮಾವ ಗೇಟಿಗೆ ಬೀಗ ಹಾಕ್ಸಿದ್ರು, ಅವ್ಳ ಕಣ್ಣಿಗೆ ಇಂಥದ್ದು ಬೀಳ್ಬಾರ್ದು ಅಂತ. ನಮ್ಮತ್ತೆ, ಮಡಿ ಪಾತ್ರೆ ಗೇಟ್ ತನಕ ಒಯ್ಯಬೇಡ, ಗಂಜಿ ಬಚ್ಚಲಿಗೆ ಸುರಿ ಅಂದ್ರು. ಸುರಿದೆ. ಬಚ್ಚಲಿನ ನೀರು ಆಚೆ ಮೋರಿಗೆ ಹೋಗತ್ತಲ್ಲ, ಅವ್ಳು ಅಲ್ಲಿ ಕೂತು ತೆಂಗಿನ ಚಿಪ್ಪಲ್ಲಿ ಹಿಡ್ಕೊಂಡ್ಲು. ಒಳಗೆ ಆ ದೊರೆಸಾನಿ ನಮ್ಮ ಸುಂಡಲು ಒಂದು ಕಾಳು ತಿಂದು ಮಿಕ್ಕಿದ್ದು ಬಿಟ್ಳು. ಈ ಗೊಂಬೆ ಕೊಟ್ಟು ಹೋದ್ಳು.”

ಹಿತ್ತಲಿಗೆ ಓಡಿ ಬಾಯಲ್ಲಿದ್ದ ಕಡಲೆಯನ್ನು ಅದೇ ಬಚ್ಚಲಿನಲ್ಲಿ ಉಗಿದೆ. ನೀರು ಸುರಿದರೆ ಅದು ಆಚೆಯ ಮೋರಿಗೆ ಹರಿದು ಹೋಯಿತು. ಹೇಸಿಗೆಯಾಯಿತು. ದೊರೆಯ ಮೇಲೆ, ನಾನು ನೋಡದ ಮುತ್ತಜ್ಜನ ಮೇಲೆ, ಕುಂಕುಮ ಇಟ್ಟ ನನ್ನ ಬೆರಳಿನ ಮೇಲೆ ಕೂಡ. ಇನ್ನು ಆ ಕಥೆ ಹೇಳುವುದಿಲ್ಲ, ಹೇಳಿದರೆ ಪೂರ್ತಿ ಹೇಳುತ್ತೇನೆ ಎಂದು ಅಲ್ಲಿಯೇ ನಿಶ್ಚಯ ಮಾಡಿದೆ.

ಮರುದಿನ ಸಂಜೆ ದೊಡ್ಡಪ್ಪನ ಬ್ಯಾಂಕಿನ ಮ್ಯಾನೇಜರು ಹೆಂಡತಿಯನ್ನು ಕರೆದುಕೊಂಡು ಬಂದರು.

“ಏನಮ್ಮಾ, ಮಾಮಿಗೆ ದೊರೆ ಕಥೆ ಹೇಳು,” ಎಂದರು ದೊಡ್ಡಪ್ಪ.

ನಾನು ಬಾಯಿ ತೆರೆದೆ. ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. “ನಮ್ಮ ಮುತ್ತಜ್ಜನ ಕೆಲಸ ಮೆಚ್ಚಿ,” ಎಂದು ಶುರು ಮಾಡಿ, ಒಂದು ಪದವೂ ತಪ್ಪದೆ ಹಳೆಯ ಕಥೆಯನ್ನೇ ಒಪ್ಪಿಸಿದೆ. ಮಾಮಿ ಗಲ್ಲ ಚಿವುಟಿ, “ರೊಂಬ ಸಮರ್ಥು,” ಎಂದು ನನ್ನ ಜಾಣತನ ಹೊಗಳಿದರು. ಅಜ್ಜಿ ಪಕ್ಕದಲ್ಲೇ ವೀಳ್ಯದೆಲೆ ಜೋಡಿಸುತ್ತಿದ್ದಳು.

ಅವರು ಹೋದ ಮೇಲೆ ಅಜ್ಜಿಯ ಮುಖ ನೋಡಲಾಗದೆ ನಿಂತೆ. ಅವಳು ಬೈಯಲಿಲ್ಲ.

“ಚೆನ್ನಾಗೇ ಹೇಳಿದೆ ಬಿಡು,” ಎಂದಳು. “ನಾನೂ ಐವತ್ತು ವರ್ಷ ಹಾಗೇ ಹೇಳಿದ್ದು.”

ವಿಜಯದಶಮಿಯ ದಿನ ದೊರೆಯನ್ನು ಮಲಗಿಸಲು ನನ್ನನ್ನು ಕರೆದಳು. ಹೇಗೆ ಮಲಗಿಸಬೇಕೆಂದು ಹೇಳಿಕೊಡಬೇಕಾಗಿರಲಿಲ್ಲ.

ಕೀಲ್ಪಾಕಿನ ಮನೆ ಈಗಿಲ್ಲ, ಅಲ್ಲಿ ನಾಲ್ಕಂತಸ್ತಿನ ಫ್ಲಾಟುಗಳಿವೆ. ದೊಡ್ಡಪ್ಪ ವೇಲಚೇರಿಗೆ ಹೋದರು, ಒಂಬತ್ತು ಮೆಟ್ಟಿಲು ಅಲ್ಲಿ ಮೂರಾಯಿತು. ಕುಕ್ಕರಿನಲ್ಲಿ ಅನ್ನ ಮಾಡುವ ನಮ್ಮ ಮನೆಗಳಲ್ಲಿ ಬಸಿಯಲು ಗಂಜಿಯೇ ಇಲ್ಲ. ಕೇಳುವವರು ಬಂದರೂ ಕಾವಲುಗಾರನನ್ನು ದಾಟಿ ಬರಲಾರರು. ನಮಗೆ ಬೀಗ ಹಾಕಿಸುವ ಕೆಲಸವೂ ತಪ್ಪಿತು.

ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ದೊರೆಯ ಬಗ್ಗೆ ನನಗೆ ಬೇಕಾದ್ದಕ್ಕಿಂತ ಹೆಚ್ಚು ಗೊತ್ತು, ಅವನು ಹುಟ್ಟಿದ ಅರಮನೆ, ಸೇದಿದ ಚುರುಟು, ಮಾಡಿದ ಭಾಷಣ. ಮಗು ಎತ್ತಿಕೊಂಡು ಬರುತ್ತಿದ್ದ ಆ ಹೆಂಗಸು ಮರುದಿನ ಗೇಟಿಗೆ ಬಂದಿದ್ದಳೇ ಎಂದು ಅಜ್ಜಿಯನ್ನು ನಾನು ಕೇಳಲೇ ಇಲ್ಲ.