ಕೊಯ್ಯದೆ ಬಿಟ್ಟ ಹುಲ್ಲು

ಹೋದ ಮಾಗಿಯ ಒಂದು ರವಿವಾರ ನಾನೂ ನನ್ನ ಹೆಂಡತಿಯೂ ಎಂದಿನಂತೆ ಪುಣೆಯ ವೇತಾಳ ಗುಡ್ಡ ಹತ್ತಿದ್ದೆವು. ದಂಡಿನ ಕುದುರೆಗಳಿಗೆ ಹುಲ್ಲು ಕೊಯ್ಯುತ್ತಿದ್ದ ವಿಜಾಪುರದ ಕಡೆಯ ಮುದುಕಿಗೆ ಅವಳು ಹುಲ್ಲಿನ ಒಂದು ಪೊದೆ ತೋರಿಸಿ, "ಯವ್ವಾ, ಅದರಾಗ ಮೊಲ ಮಲಗೇದ. ಅದೊಂದು ಬಿಡು" ಎಂದಳು.

"ಮೊಲ ನಿಮ್ಮ ಬೀಗರೇನ್ರಿ, ಅಕ್ಕಾರ?" ಎಂದು ಮುದುಕಿ ನಕ್ಕಳು; ಆದರೂ ಆ ಪೊದೆ ಬಿಟ್ಟು ಮುಂದೆ ಕೊಯ್ದಳು.

ಮರುದಿನ ಹೆಂಡತಿಗೆ ಜ್ವರ ಬಂತು. ಎಂಟನೆಯ ದಿನ ತೀರಿಕೊಂಡಳು.

ಈ ಮಾಗಿಯಲ್ಲಿ ಗುಡ್ಡಕ್ಕೆ ಹೋಗಲು ಅಂಜುತ್ತಿದ್ದೆ. ಅವಳು ಉಳಿಸಿದ ಆ ಪೊದೆಯೂ ಇಲ್ಲದಿದ್ದರೆ ಹೇಗೆ ಎನಿಸುತ್ತಿತ್ತು. ಕಡೆಗೆ ಹೋದ ವಾರ ಒಬ್ಬನೇ ಹತ್ತಿದೆ. ಇಳಿಜಾರೆಲ್ಲ ಕೊಯ್ದು ಬೋಳಾಗಿತ್ತು. ನಡುವೆ ಆ ಪೊದೆ ಮಾತ್ರ ಸೊಂಟದೆತ್ತರ ನಿಂತಿತ್ತು.

"ಅಕ್ಕಾರು ಎಲ್ಲದಾರ್ರಿ?" ಮುದುಕಿ ದೂರದಿಂದಲೇ ಕೂಗಿದಳು. "ಕೂಲಿ ಮಾಡಸೂ ಮುಕಾದಮ ಭಾಳ ಬೈದ. ಆದ್ರೂ ಅವರ ಬೀಗರ ಮನಿ ನಾ ಮುಟ್ಟಿಲ್ಲಂತ ಹೇಳ್ರಿ!"

ಅವಳು ಹೋಗಿ ವರ್ಷವಾಯಿತೆಂದು ಹೇಳಿದೆ. ಮುದುಕಿ ಕುಡಗೋಲು ಕೆಳಗಿಟ್ಟಳು. ಆಮೇಲೆ, "ನಾ ಇರೂತನ ಇದನ್ನ ಯಾರಿಗೂ ಕೊಯ್ಯಾಕ ಬಿಡಂಗಿಲ್ರಿ" ಎಂದಳು.

ನಮ್ಮ ಹೆಸರೂ ತಿಳಿಯದ ಆ ತಾಯಿ ನನ್ನ ಹೆಂಡತಿಯ ಒಂದು ಮಾತನ್ನು ವರ್ಷವಿಡೀ ನಡೆಸಿಕೊಂಡು ಬಂದಿದ್ದಳು. ಆಕೆಗೆ ನಾನು ಋಣಿ. ಪೊದೆಯೊಳಗೆ ಹಸಿ ಹಿಕ್ಕೆಯಿತ್ತು, ಮೊಲ ಮಲಗಿದ್ದ ಕುಳಿಯೂ ಇತ್ತು. ನನ್ನ ತೋಳು ಹಿಡಿದು ಅದನ್ನು ತೋರಿಸುತ್ತಿದ್ದವಳು ಇಲ್ಲ.