ಹಲ್ಲಿಗೂ ಛತ್ರಿಗೂ ಒಂದೇ ಸಂಖ್ಯೆ

ಬಸ್ಸಿನಲ್ಲಿ ಜನ ಮರೆತ ಸಾಮಾನುಗಳೆಲ್ಲ ನಿಲ್ದಾಣದ ನೆಲಮಾಳಿಗೆಗೆ ಬಂದು ಸೇರುತ್ತವೆ. ಯಾವ ಸಾಮಾನು ಎಲ್ಲಿದೆ, ಯಾರು ಬಿಟ್ಟರು, ಯಾರು ಒಯ್ದರು ಎಂದು ಕಂಪ್ಯೂಟರನ್ನು ಕೇಳುವುದು ಅಲ್ಲಿ ಕೂರುವ ಒಬ್ಬ ಹೆಂಗಸಿನ ಕೆಲಸ. ಮೇಲಿನ ಕಚೇರಿಯವರು ಏನೇ ಅನುಮಾನ ಬಂದರೂ "ಅಕ್ಕನನ್ನು ಕೇಳಿ" ಎನ್ನುತ್ತಿದ್ದರು. ಹೇಳಿ ಹೇಳಿ ಅವಳು ಕೇಳಕ್ಕ ಆದಳು. ಟೈಪಿಸ್ಟಾಗಿ ಸೇರಿದವಳು, ಐವತ್ತು ದಾಟಿದ ಮೇಲೆ ಡೇಟಾಬೇಸಿನ ಭಾಷೆ ಕಲಿತಳು. ಕೋಣೆಯ ಕಿಟಕಿ ಬೀದಿಯ ಮಟ್ಟಕ್ಕಿದ್ದು, ಅದರಿಂದ ಬರೀ ಕಾಲುಗಳು ಕಾಣುತ್ತವೆ. ಇಪ್ಪತ್ತೆಂಟು ವರ್ಷದಿಂದ ಅವಳು ಊರಿನ ಜನರನ್ನು ಮೊಣಕಾಲಿನ ಕೆಳಗೆ ಮಾತ್ರ ಬಲ್ಲಳು.

ಮನೆಯಲ್ಲಿ ಅವಳಿಗೆ ಕಿವಿ ಮಂದವಾದ ಅತ್ತೆ. "ಉಪ್ಪು ಸಾಕಾ?" ಎಂದರೂ ಹೂಂ, "ಉಪ್ಪು ಹೆಚ್ಚಾಯ್ತಾ?" ಎಂದರೂ ಹೂಂ. ಸೊಸೆಗೆ ಬೇಸರ ಮಾಡಬಾರದೆಂಬ ಒಳ್ಳೆಯ ಮನಸ್ಸು. "ಅತ್ತೆ ಹೂಂ ಅಂದ್ರೆ ಒಪ್ಪಿದ್ದಾರೆ ಅಂತಲ್ಲ, ಜಗಳ ಬೇಡ ಅಂತ ಅಷ್ಟೆ," ಎಂದು ಗಂಡನಿಗೆ ಹೇಳುತ್ತಿದ್ದಳು. ಕಂಪ್ಯೂಟರೂ ಅದೇ ಜಾತಿಯದ್ದೆಂದು ಅವಳಿಗೆ ಆಗಿನ್ನೂ ತಿಳಿದಿರಲಿಲ್ಲ.

ಉಗ್ರಾಣದಲ್ಲಿ ಒಂಬತ್ತು ಕಬ್ಬಿಣದ ಕಪಾಟುಗಳಿದ್ದವು. ಪ್ರತಿ ಕಪಾಟಿಗೂ ಕೆಳಗಿನಿಂದ ಮೇಲಕ್ಕೆ A ಯಿಂದ E ವರೆಗೆ ಐದು ಸಾಲು, ಸಾಲಿಗೆ ಎರಡು ಪೆಟ್ಟಿಗೆ. ಮೂರನೆಯ ಕಪಾಟಿನ E ಸಾಲಿನ ಎರಡನೆಯ ಪೆಟ್ಟಿಗೆ ಎಂದರೆ 3E2. ಛತ್ರಿಗಳಿಗೆ ಮಾತ್ರ ಬೇರೆ ಗೋಡೆ. ಅಲ್ಲಿ ಹತ್ತರಿಂದ ಒಂಬೈನೂರರವರೆಗೆ ಕೊಕ್ಕೆಗಳು, ಕೊಕ್ಕೆಗೆ ಬರೀ ಅಂಕೆ. ಒಂದು ಛತ್ರಿ ಹೋದರೆ ಅದೇ ಕೊಕ್ಕೆಗೆ ಇನ್ನೊಂದು.

ಇವುಗಳಲ್ಲಿ E ಸಾಲು ಪವಾಡದ ಸಾಲು. ಅಲ್ಲಿಟ್ಟ ಸಾಮಾನು ಎರಡು ಮೂರು ದಿನದಲ್ಲಿ "ವಾರಸುದಾರರಿಗೆ ತಲುಪಿದೆ" ಎಂದು ಪರದೆಯ ಮೇಲೆ ಬರುತ್ತಿತ್ತು. ಮಳೆ ಹಿಡಿದರಂತೂ ದಿನಕ್ಕೆ ಹತ್ತು ಹನ್ನೆರಡು. ಮೇಲ್ವಿಚಾರಕರು ಅಂಕಿಅಂಶ ನೋಡಿ ಹಿಗ್ಗಿದರು. ವರ್ಷಗಟ್ಟಲೆ ಯಾರೂ ಕೇಳದ ಸಾಮಾನನ್ನೆಲ್ಲ E ಸಾಲಿಗೆ ಏರಿಸಿ ಎಂದು ಆಜ್ಞೆ ಹೊರಡಿಸಿದರು. ಏರಿಸಿದ್ದೂ ಆಯಿತು, ಅವೂ "ತಲುಪಿದವು". ದಕ್ಷತೆಗಾಗಿ ಅವರಿಗೊಂದು ಪ್ರಶಸ್ತಿಪತ್ರ ಬಂದು ಗೋಡೆ ಸೇರಿತು.

ಉಗ್ರಾಣ ನೋಡಿಕೊಳ್ಳುವವನು ಕುಳ್ಳಗಿದ್ದ. ಎಲ್ಲರೂ ಅವನನ್ನು ಮೊಳಣ್ಣ ಎನ್ನುತ್ತಿದ್ದರು. E ಸಾಲು ಅವನ ತಲೆಯ ಮೇಲೆ ಇನ್ನೆರಡು ಮೊಳ. ಏಣಿ ಹತ್ತುವ ಸೋಮಾರಿತನಕ್ಕೆ ಕೆಳಗಿನಿಂದಲೇ ಸಾಮಾನನ್ನು ಪೆಟ್ಟಿಗೆಗೆ ಎಸೆಯುತ್ತಿದ್ದ. ಖಾಲಿ ಎಂದು ಕಂಪ್ಯೂಟರ್ ಹೇಳಿದ ಮೇಲೆ ಒಳಗೆ ಇಣುಕುವ ಅಗತ್ಯವೇನು?

ಒಂದು ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಕೌಂಟರಿನ ಕಂಬಿಯ ಮುಂದೆ ಒಬ್ಬ ಮುದುಕರು ಬಂದು ನಿಂತರು. ಇಸ್ತ್ರಿ ಮಾಡಿದ ಕೋಟು, ಹೊಸ ಬೂಟು, ಬಾಯಿಗೆ ಅಡ್ಡ ಕರವಸ್ತ್ರ. ಇದೇ ನಿಲ್ದಾಣದಲ್ಲಿ ಮೂವತ್ತು ವರ್ಷ ಬಸ್ಸುಗಳ ಹೊತ್ತನ್ನು ಧ್ವನಿವರ್ಧಕದಲ್ಲಿ ಸಾರಿದ ಘೋಷಕರು ಅವರು. ಕೇಳಕ್ಕ ಅವರ ದನಿಯನ್ನು ಬಲ್ಲಳು, ಮುಖ ನೋಡಿದ್ದು ಇದೇ ಮೊದಲು. ಆದರೆ ಆ ದನಿ ಈಗ ಗಾಳಿ ಹೋದ ಚೆಂಡಿನಂತಿತ್ತು.

"ನನ್ನ ಹಲ್ಲಿನ ಸೆಟ್ಟಮ್ಮಾ. ಮೊನ್ನೆ ಬಸ್ಸಲ್ಲಿ ಒತ್ತುತ್ತೆ ಅಂತ ತೆಗೆದು ಮಡಿಲಲ್ಲಿ ಇಟ್ಕೊಂಡೆ. ಇಳಿಯೋವಾಗ ಮರೆತೆ. ಹನ್ನೊಂದಕ್ಕೆ ನನ್ನ ಮದುವೆ, ನೋಂದಣಿ ಕಚೇರಿಯಲ್ಲಿ."

ಮೊಳಣ್ಣ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಾರ ಮದುವೆ?"

"ನಂದೇ ಕಣಪ್ಪ. ಎಪ್ಪತ್ತಕ್ಕೆ ಇನ್ನೂ ಎರಡು ಬಾಕಿ ಇದೆ."

ಹುಡುಗಿ, ಅಂದರೆ ಅರವತ್ತನಾಲ್ಕರ ಗುಂಡಿ ಅಂಗಡಿಯವರು, ನಿಲ್ದಾಣದ ಎದುರಿಗೇ ಅಂಗಡಿ ಇಟ್ಟವರು. ಮೂವತ್ತು ವರ್ಷ ಆ ದನಿಯನ್ನು ಕೇಳುತ್ತಲೇ ಅಂಗಿಗಳಿಗೆ ಗುಂಡಿ ಹೊಂದಿಸಿದವರು. "ಆ ದನಿಗೇ ಅವರು ಒಪ್ಪಿದ್ದು," ಎಂದರು ಘೋಷಕರು. "ಅಧಿಕಾರಿ ಕೇಳಿದಾಗ ಈ ಬಾಯಲ್ಲಿ 'ಒಪ್ಪಿಗೆ' ಅಂದ್ರೆ ಉಗುಳಿದ ಹಾಗಿರುತ್ತೆ."

ಕೇಳಕ್ಕ ಕಂಪ್ಯೂಟರನ್ನು ಕೇಳಿದಳು. ಹಲ್ಲು ಸಿಕ್ಕಿದ್ದು ನಿಜ, 3E2 ರಲ್ಲಿ ಇಟ್ಟದ್ದೂ ನಿಜ. ನಿನ್ನೆ ಸಂಜೆ ನಾಲ್ಕಕ್ಕೆ ವಾರಸುದಾರರಿಗೆ ತಲುಪಿತ್ತು.

"ಯಜಮಾನ್ರೇ, ನಿನ್ನೆ ನೀವೇ ಬಂದು ತಗೊಂಡು ಹೋಗಿದ್ದೀರಿ," ಎಂದ ಮೊಳಣ್ಣ. "ಮದುವೆ ಗಡಿಬಿಡಿ, ಮರೆತಿರಬೇಕು."

"ತಗೊಂಡಿದ್ರೆ ಬಾಯಲ್ಲಿ ಇರ್ತಿತ್ತಲ್ಲಪ್ಪಾ. ಜೇಬಲ್ಲಿ ಇಟ್ಕೊಂಡು ತಿರುಗೋಕೆ ಅದೇನು ಬೀಗದ ಕೈಯಾ?"

ಕೇಳಕ್ಕನಿಗೆ ನಗು ಬಂತು, ಅದರ ಹಿಂದೆಯೇ ಒಂದು ಅನುಮಾನ. ನಿನ್ನೆ ನಾಲ್ಕಕ್ಕೆ ಅವಳು ಕೈಯಾರೆ ಒಪ್ಪಿಸಿದ್ದು ಒಂದು ಕಪ್ಪು ಛತ್ರಿಯನ್ನು. ಕೊಕ್ಕೆ ಮುನ್ನೂರು. ಛತ್ರಿ ಮತ್ತು ಹಲ್ಲು ಒಂದೇ ಕ್ಷಣದಲ್ಲಿ ಹೊರಟಿದ್ದವು. ಜಾಗ ಮುನ್ನೂರರಲ್ಲಿ ನಿನ್ನೆ ಏನೇನಿತ್ತು ಎಂದು ಹೊಸದಾಗಿ ಕೇಳಿದಳು. ಪರದೆಯ ಮೇಲೆ ಎರಡು ಸಾಲು ಬಂತು: ಛತ್ರಿ, ಹಲ್ಲು.

ಅವಳು ಕುರ್ಚಿಗೆ ಒರಗಿದಳು. ತಪ್ಪು ಅವಳದೇ. ಜಾಗದ ಗುರುತಿನಲ್ಲಿ ಅಕ್ಷರ ಬರುವುದರಿಂದ ಎಲ್ಲ ಗುರುತುಗಳನ್ನೂ ಬರಹವೆಂದೇ ಕೂಡಿಟ್ಟಿದ್ದಳು. ಆದರೆ ಪ್ರಶ್ನೆ ಕೇಳುವಾಗ, ಛತ್ರಿ ತಲುಪಿತು ಎಂದು ದಾಖಲಿಸುವಾಗ, 300 ಎಂದು ಬರೀ ಅಂಕೆ ಬರೆದು, ಇದು ಬರಹ ಎಂದು ತೋರಿಸುವ ಉದ್ಧರಣ ಚಿಹ್ನೆಗಳನ್ನು ಬಿಟ್ಟಿದ್ದಳು. ಒಂದು ಕಡೆ ಬರಹ, ಒಂದು ಕಡೆ ಅಂಕೆ. ಎರಡನ್ನೂ ಹೋಲಿಸು ಎಂದರೆ ಯಂತ್ರ ಇದು ಹೇಗಾಗುತ್ತದೆ ಎಂದು ಕೇಳಲಿಲ್ಲ. ಸದ್ದಿಲ್ಲದೆ ಬರಹವನ್ನೆಲ್ಲ ಅಂಕೆ ಮಾಡಿಕೊಂಡು ಹೂಂ ಎಂದಿತು. 3D2 ಎಂದಿದ್ದರೆ ಅಕ್ಷರ ಬಂದಲ್ಲಿಗೆ ನಿಂತು ಬರೀ ಮೂರು ಎನ್ನುತ್ತಿತ್ತು. ಮೂರನೆಯ ಕೊಕ್ಕೆಯೇ ಇಲ್ಲ, ಕೇಡೂ ಇಲ್ಲ. ಆದರೆ ಅಂಕೆಗಳ ನಡುವೆ E ಬಂದರೆ ಯಂತ್ರದ ಲೆಕ್ಕದಲ್ಲಿ ಅದು ಸೊನ್ನೆ ಸೇರಿಸು ಎಂಬ ಸನ್ನೆ. ಮೂರರ ಮುಂದೆ ಎರಡು ಸೊನ್ನೆ, ಮುನ್ನೂರು. ಕೊಕ್ಕೆಯಿಂದ ಛತ್ರಿ ಮನೆಗೆ ಹೊರಟಾಗಲೆಲ್ಲ ಅದೇ ಸಂಖ್ಯೆಯ E ಸಾಲಿನ ಪೆಟ್ಟಿಗೆಯೂ ಕಂಪ್ಯೂಟರಿನ ಲೆಕ್ಕದಲ್ಲಿ ಮನೆಗೆ ಹೊರಟಿತ್ತು.

"ಮೊಳಣ್ಣಾ, ಏಣಿ ತಾ."

"E ಸಾಲಿಗಾ? ಅಲ್ಲೇನೂ ಇಲ್ಲ ಅಕ್ಕಾ, ಎಲ್ಲ ತಲುಪಿದೆ."

"ತಲುಪಿದ್ದು ನಿನ್ನ ಕೈಯಿಂದ ಪೆಟ್ಟಿಗೆಗೆ ಮಾತ್ರ."

ಅವಳೇ ಹತ್ತಿದಳು. 3E2 ಕಂಠಮಟ್ಟ ತುಂಬಿತ್ತು. ಅರ್ಧ ಹೆಣೆದ ಸ್ವೆಟರು, ಸೂಜಿ ಇನ್ನೂ ಅದರಲ್ಲೇ. ಒಂಟಿ ಬೂಟು. ಯಾರದೋ ಎದೆಯ ಎಕ್ಸ್‌ರೇ. ಒಂದೊಂದನ್ನೂ ತೆಗೆದು ಮೊಳಣ್ಣನ ಕೈಗೆ ಕೊಟ್ಟಳು. ಇವುಗಳನ್ನು ಹುಡುಕಿ ಬಂದವರಿಗೆಲ್ಲ, ನೀವೇ ಒಯ್ದಿದ್ದೀರಿ ಎಂದು ತಾವಿಬ್ಬರೂ ಹೇಳಿ ಕಳಿಸಿದ್ದರು. ಕೆಲವರು ನಂಬಿಕೊಂಡೂ ಹೋಗಿದ್ದರು. ನಡುವೆ ಹಲ್ಲು ಸಿಕ್ಕಿತು. ಒಂದಲ್ಲ, ಮೂರು ಸೆಟ್ಟು.

"ಯಾವುದು ನಿಮ್ಮದು?"

"ಒಳಗಿನಿಂದ ಗೊತ್ತು, ಹೊರಗಿನಿಂದ ನೋಡಿಲ್ಲಮ್ಮಾ."

ಮೊಳಣ್ಣ ಚಹಾದ ಕೆಟಲಿನಲ್ಲಿ ನೀರು ಕುದಿಸಿ ಮೂರನ್ನೂ ತೊಳೆದ. ಗಂಟೆ ಹತ್ತೂಕಾಲು. ಮೊದಲನೆಯದನ್ನು ಹಾಕಿಕೊಂಡಾಗ ಘೋಷಕರ ಬಾಯಿ ಮುಚ್ಚಲೇ ಇಲ್ಲ.

"ಇದು ಯಾರೋ ತುಂಬ ನಗೋರದ್ದು," ಎಂದ ಮೊಳಣ್ಣ.

ಎರಡನೆಯದು ಒಳಗೇ ಕುಣಿಯಿತು. ಮೂರನೆಯದು ಕಟಕ್ಕೆಂದು ಕೂತಿತು. ಅವರು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಹಳೆಯ ದನಿಯಲ್ಲಿ ಸಾರಿದರು: "ಪ್ರಯಾಣಿಕರ ಗಮನಕ್ಕೆ. ಹತ್ತೂವರೆಯ ಬಸ್ಸು ಐದನೇ ಅಂಕಣದಿಂದ ಈಗಲೇ ಹೊರಡಲಿದೆ."

ಕಿಟಕಿಯಾಚೆ ನಿಂತಿದ್ದ ಕಾಲುಗಳೆಲ್ಲ ಒಮ್ಮೆಗೇ ಐದನೇ ಅಂಕಣದ ಕಡೆ ಓಡಿದವು.

"ಅಯ್ಯೋ, ಅದು ಎರಡನೇದರಿಂದ ಹೊರಡೋದು," ಎಂದು ಮೊಳಣ್ಣ ಮೆಟ್ಟಿಲು ಹತ್ತಿ ಓಡಿದ.

ವಾಪಸು ಬಂದವನು ಉಸಿರು ಬಿಡುತ್ತ ಉಪಾಯ ಹೇಳಿದ. "ಹಲ್ಲು ಕೊಟ್ಟು ಕಳಿಸಿಬಿಡಕ್ಕಾ. ತಲುಪಿದೆ ಅಂತ ಕಂಪ್ಯೂಟರ್ ಹೇಳೇ ಆಗಿದೆ, ಸುಳ್ಳೂ ಆಗಲ್ಲ. ಸಾಹೇಬರ ಪ್ರಶಸ್ತಿನೂ ಉಳಿಯುತ್ತೆ."

ಕೇಳಕ್ಕ ಮೇಜಿನ ಮೇಲಿದ್ದ ಸ್ವೆಟರಿನ ಅರ್ಧ ತೋಳನ್ನು ನೋಡಿದಳು. ಕಂಪ್ಯೂಟರಿನ ಮುಂದೆ ಕೂತು 300 ರ ಎರಡೂ ಬದಿಗೆ ಚಿಹ್ನೆ ಹಾಕಿದಳು, ಛತ್ರಿಯ ಕ್ಷಣದಲ್ಲೇ ಹೊರಟುಹೋದ ಸಾಮಾನುಗಳನ್ನೆಲ್ಲ ಹಿಂದಕ್ಕೆ ಕರೆದಳು. ನಾನೂರ ಹನ್ನೆರಡು ಬಂದವು. ಮೇಲ್ವಿಚಾರಕರಿಗೆ ಒಂದು ಚೀಟಿ ಬರೆದಿಟ್ಟಳು: "E ಸಾಲಿನಿಂದ ಯಾರೂ ಏನೂ ಒಯ್ದಿಲ್ಲ. ತಪ್ಪು ನನ್ನದು. ಮದುವೆಗೆ ಹೋಗಿ ಬಂದು ವಿವರಿಸುತ್ತೇನೆ."

ಮದುವೆಗೆ ಹೊರಟದ್ದು ಘೋಷಕರು ಕರೆದದ್ದರಿಂದ. "ಸಾಕ್ಷಿಗೆ ಒಬ್ಬರು ಕಡಿಮೆ ಇದ್ದಾರಮ್ಮಾ. ಅಣ್ಣನ ಮಗ ನಾಚಿಕೆ ಆಗುತ್ತೆ ಅಂತ ಬರಲಿಲ್ಲ."

ನೋಂದಣಿ ಕಚೇರಿಯ ಇಕ್ಕಟ್ಟು ಕೋಣೆಯಲ್ಲಿ ಗುಂಡಿ ಅಂಗಡಿಯವರು ಆಗಲೇ ಕೂತಿದ್ದರು. ಅವರು ತೊಟ್ಟಿದ್ದ ಕೋಟಿನ ಗುಂಡಿಗಳೆಲ್ಲ ಅಂಗಡಿಯ ಅತಿ ಒಳ್ಳೆಯವು.

"ತಡ ಮಾಡಿದ್ರಿ. ಇನ್ನು ಐದು ನಿಮಿಷ ನೋಡಿ ಬೇರೆ ಯಾರನ್ನಾದ್ರೂ ಮಾಡ್ಕೊಳ್ಳೋಣ ಅಂತಿದ್ದೆ."

ಅಧಿಕಾರಿ ಕಾಗದ ನೋಡಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಈ ಮದುವೆಗೆ ನಿಮ್ಮ ಒಪ್ಪಿಗೆ ಇದೆಯಾ?"

ಘೋಷಕರು ಎದ್ದು ನಿಂತರು. "ನನ್ನ ಸಂಪೂರ್ಣ ಒಪ್ಪಿಗೆ ಇದೆ." ಒಂದೊಂದು ಅಕ್ಷರವೂ ಬಿಡಿ ಬಿಡಿಯಾಗಿ, ಪ ಗೆ ಪ ಒತ್ತಿ, ಕೋಣೆ ದಾಟಿ ಪಡಸಾಲೆ ದಾಟಿ ಬೀದಿಯವರೆಗೂ ಹೋಯಿತು.

ಗುಂಡಿ ಅಂಗಡಿಯವರು ಅವರ ಕೋಟಿನ ತುದಿ ಜಗ್ಗಿ ಕೂರಿಸಿದರು. ಕಣ್ಣಲ್ಲಿ ನೀರಿತ್ತು.

"ಮೆಲ್ಲಗೆ ಹೇಳ್ರೀ. ಪಕ್ಕದ ಕೋಣೆಯಲ್ಲಿ ಡೈವೋರ್ಸ್ ಕಾಗದಕ್ಕೆ ಬಂದೋರು ಕೂತಿದ್ದಾರೆ, ಮನಸ್ಸು ಬದಲಾಯಿಸಿಬಿಟ್ಟಾರು."