ನೋವಲ್ಲ, ಹಿಡ್ಕೊಂಡಿದೆ ಅಷ್ಟೆ

ಮೊದಲು ಎಡಮಂಡಿ ಹಿಡಿದುಕೊಳ್ಳತೊಡಗಿತು. ಶೂ ಲೇಸ್ ಕಟ್ಟಿ ಏಳುವಾಗ ಒಳಗೇನೋ ಸಿಕ್ಕಿಕೊಂಡಂತೆ ಒಂದು ಕ್ಷಣ ನಿಲ್ಲುತ್ತಿತ್ತು. ಕಾಲು ಕೊಡವಿದರೆ ಬಿಟ್ಟುಕೊಳ್ಳುತ್ತಿತ್ತು. ನಾನು ಯಲಹಂಕದ ಒಂದು ಕ್ಲಬ್‌ನಲ್ಲಿ ಕಬಡ್ಡಿ ರೈಡರ್. ಕ್ರೀಡಾ ಕೋಟಾದ ಕೆಲಸದ ಮೇಲೆ ಕಣ್ಣಿಟ್ಟಿದ್ದೆ. ವಯಸ್ಸು ಮೀರುವ ಮೊದಲು ಅದಕ್ಕೆ ಎರಡೇ ಆಯ್ಕೆ ಟ್ರಯಲ್ಸ್ ಉಳಿದಿದ್ದವು. ನಮ್ಮಲ್ಲಿ ಇಂಥದ್ದನ್ನು ನೋವು ಎನ್ನುವುದಿಲ್ಲ. ನೋವು ಎಂದರೆ ಇಬ್ಬರು ಎತ್ತಿಕೊಂಡು ಅಂಕಣದಿಂದ ಹೊರಗೆ ಒಯ್ಯಬೇಕು.

ಅದೇ ತಿಂಗಳು ಫಿಸಿಯೋ ಅಶ್ವಿನಿ ಮೇಡಂ ಕ್ಲಬ್‌ಗೆ ಬಂದರು. ಯಾರ ಮೈ ಎಲ್ಲಿ ತಪ್ಪಾಗಿ ಬಾಗುತ್ತದೆ ಎಂದು ಗಾಯವಾಗುವ ಮೊದಲೇ ಕಂಡುಹಿಡಿಯುವ ಪರೀಕ್ಷೆಯಂತೆ. ಕೋಲನ್ನು ತಲೆಯ ಮೇಲೆತ್ತಿ ಕುಕ್ಕರಗಾಲಲ್ಲಿ ಕೂರುವುದು, ಹಗ್ಗ ದಾಟುವುದು, ಒಂದು ಕಾಲು ಮುಂದಿಟ್ಟು ಬಾಗುವುದು, ಹೀಗೆ ಏಳು. ಒಂದೊಂದಕ್ಕೂ ಮೂರು ಅಂಕ. ನೋವಿದ್ದರೆ ಸೊನ್ನೆ.

ಅಂಕ ಎಂದ ಕೂಡಲೇ ನಮ್ಮ ಕೋಚ್ ಶಿವಣ್ಣ ಸರ್‌ಗೆ ಎಸ್ಸೆಸ್ಸೆಲ್ಸಿ ನೆನಪಾಯಿತು. ಎಲ್ಲಿಂದಲೋ ವಿಡಿಯೋ ಹುಡುಕಿ ತಂದು, ಕೈಗೆ ಮಾಪ್ ಕೋಲು ಕೊಟ್ಟು, ಒಂದು ವಾರ ಅದನ್ನೇ ಮಾಡಿಸಿದರು. "ಯಾರೂ ಮಾನ ಕಳೀಬೇಡ್ರಮ್ಮಾ" ಎಂದರು. ರಕ್ತಪರೀಕ್ಷೆಗೆ ಯಾರಾದರೂ ಓದಿಕೊಂಡು ಹೋಗುತ್ತಾರೆಯೇ? ನಾವು ಹೋದೆವು.

"ನೋವಿದ್ಯಾ?" ಮೇಡಂ ಕೇಳಿದರು.

"ಇಲ್ಲ ಮೇಡಂ. ಹಿಡ್ಕೊಂಡಿದೆ ಅಷ್ಟೆ."

"ಪ್ರಾಕ್ಟೀಸ್ ಜಾಸ್ತಿ ಆಗಿದೆ ಮೇಡಂ, ಎಲ್ರಿಗೂ ಮೈ ಹಿಡ್ಕೊಂಡಿದೆ" ಎಂದು ಸರ್ ನಕ್ಕರು. ಮೇಡಂ ಕೂಡ ನಕ್ಕು, ಸ್ನಾಯು ಬಿಗಿತ ಎಂದು ಬರೆದುಕೊಂಡರು. ಇಪ್ಪತ್ತೊಂದಕ್ಕೆ ಇಪ್ಪತ್ತು ಬಂತು. ತಂಡದಲ್ಲಿ ನಾನೇ ಫಸ್ಟು.

ಮೂರು ವಾರದ ನಂತರ ಚಿಕ್ಕಜಾಲದಲ್ಲಿ ಮ್ಯಾಚ್. ಬೋನಸ್ ಗೆರೆ ದಾಟಿ ತಿರುಗಿದೆ.

ಟಕ್.

ಹೆಬ್ಬಾಳದ ಆಸ್ಪತ್ರೆಯಲ್ಲಿ ಡಾಕ್ಟರ್ ಎಂಆರ್‌ಐ ನೋಡಿದರು. "ಎಸಿಎಲ್, ಅಂದ್ರೆ ಮಂಡಿ ಹಿಡಿದಿಡೋ ಪಟ್ಟಿ, ಅದು ಈಗ ಹರಿದಿರೋದು. ಮೆನಿಸ್ಕಸ್, ಅಂದ್ರೆ ಒಳಗಿನ ಮೆತ್ತೆ, ಅದು ಹಳೇದು. ಮುಂಚೆ ಮಂಡಿ ಲಾಕ್ ಆಗ್ತಿತ್ತಾ?"

"ಹಿಡ್ಕೊಳ್ತಿತ್ತು ಸರ್."

"ಅದನ್ನೇ ಕಣಮ್ಮಾ ನಾವು ಲಾಕ್ ಅನ್ನೋದು."

ಆಪರೇಷನ್ ಆಯಿತು. ಆ ವರ್ಷದ ಆಯ್ಕೆ ಕೈತಪ್ಪಿತು. ಕೋಗಿಲಿನ ನಮ್ಮ ಮನೆಯಲ್ಲಿ ಪಾಯಿಖಾನೆಗೆ ಹೋಗಲೂ ಅಮ್ಮನ ಭುಜ ಬೇಕಾಯಿತು. ಅಮ್ಮ ದಿನಕ್ಕೊಮ್ಮೆ ಕೇಳುತ್ತಿದ್ದಳು: "ಎಲ್ಲಾರೂ ಆಡ್ತಾರೆ, ನಿಂಗ್ ಮಾತ್ರ ಇಂಗ್ಯಾಕಾಯ್ತು?" ಉತ್ತರ ಗೊತ್ತಿದ್ದೂ ಹೇಳಲಾಗದೆ ಅವಳ ಮೇಲೆಯೇ ರೇಗುತ್ತಿದ್ದೆ. ಸರ್ ಮೇಲೆ ಸಿಟ್ಟು, ಮೇಡಂ ಮೇಲೆ ಸಿಟ್ಟು, ಇಪ್ಪತ್ತು ಅಂಕಕ್ಕೆ ಹಿಗ್ಗಿದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು. ತೊಡೆ ಸೊರಗಿ ಮಣಿಕಟ್ಟಿನಂತಾಗಿತ್ತು. ಹತ್ತು ತಿಂಗಳು ಟವೆಲ್ ಮಡಿಸಿ ಮಂಡಿಯ ಕೆಳಗಿಟ್ಟು ಒತ್ತುವುದು, ಗೋಡೆಗೆ ಒರಗಿ ಜಾರುವುದು, ಮೆಟ್ಟಿಲು ಹತ್ತಿ ಇಳಿಯುವುದು. ಎಂಟನೇ ತಿಂಗಳಲ್ಲಿ ಓಡಿದೆ. ಒಂಬತ್ತರಲ್ಲಿ ಸರ್ ಫೋನ್ ಮಾಡಿ, ಕೊನೆಯ ಆಯ್ಕೆಗೆ ನನ್ನ ಹೆಸರು ಕೊಟ್ಟಿರುವುದಾಗಿ ಹೇಳಿದರು.

ಆಯ್ಕೆಗೆ ಹತ್ತು ದಿನವಿರುವಾಗ ಮೇಡಂ ಮತ್ತೆ ಪರೀಕ್ಷಿಸಿದರು. ಈ ಸಲ ತಯಾರಿ ಮಾಡಿರಲಿಲ್ಲ. ಹಗ್ಗ ದಾಟಿದೆ. ಬಾಗಿದೆ. ಕೋಲೆತ್ತಿ ಕೂತೆ. ಪೂರ್ತಿ ಕೆಳಗೆ ಹೋದಾಗ ಮಂಡಿಯ ಒಳಬದಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಮುಖ ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟು ವರ್ಷ ಕಲಿತದ್ದೇ ಅದು.

"ನೋವು ಮೇಡಂ" ಎಂದೆ.

ಅವರು ಸೊನ್ನೆ ಬರೆದರು. ಆರು ವಾರ ಆಡುವಂತಿಲ್ಲ ಎಂದರು.

ಸರ್ ನನ್ನನ್ನು ಪಕ್ಕಕ್ಕೆ ಕರೆದರು. ಅವರ ಕಣ್ಣು ಒದ್ದೆಯಾಗಿತ್ತು. "ಹತ್ತೇ ಹತ್ತು ದಿನ ಕಣಮ್ಮಾ. ತಡ್ಕೊಳಕ್ಕೆ ಆಗಲ್ವಾ?"

"ತಡ್ಕೊಂಡೇ ಸರ್ ಇಲ್ಲಿಗೆ ಬಂದಿರೋದು."

ಅವರು ಕಣ್ಣೊರೆಸಿಕೊಂಡರು. ನಾನೂ ಅಲ್ಲೇ ಕೂತು ಅತ್ತೆ.

ಆಯ್ಕೆ ಮುಗಿದು ನಾಲ್ಕು ದಿನವಾಯಿತು. ನಾನು ಹೋಗಲಿಲ್ಲ. ಸದ್ಯ ಮಂಡಿ ಊದಿಕೊಂಡಿಲ್ಲ, ನೋವು ಕಡಿಮೆಯಾಗಿದೆ, ಸ್ಕ್ಯಾನ್‌ನಲ್ಲಿ ಹೊಸದಾಗಿ ಏನೂ ಹರಿದಿಲ್ಲ. ಕಾಲು ಉಳಿಯಿತಲ್ಲ, ಸಂತೋಷಪಡು ಎಂದು ಎಲ್ಲರೂ ಹೇಳುತ್ತಾರೆ. ನಿಜ, ಉಳಿದಿದೆ. ಸಂತೋಷಕ್ಕೆ ಇನ್ನೂ ಸ್ವಲ್ಪ ದಿನ ಬೇಕು.